ಕೆಲಸ ಬಿಡದೆ ಓದಬಹುದಾದ ಐಐಟಿ ಮದ್ರಾಸ್ ಬಿಎಸ್: ನನ್ನ ಅನುಭವ

ಕಾಮರ್ಸ್ ಓದಿ ಕೆಲಸಕ್ಕೆ ಸೇರಿದವರು ಸಾಫ್ಟ್‌ವೇರ್ ಕಲಿಯಬಹುದಾ ಅಂತ ಯಾರಾದರೂ ಕೇಳಿದರೆ ನಾನು ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಪದವಿಯ ಹೆಸರು ಹೇಳುತ್ತೇನೆ. ಪೂರ್ತಿ ಹೆಸರು ಬಿಎಸ್ ಇನ್ ಡೇಟಾ ಸೈನ್ಸ್ ಅಂಡ್ ಅಪ್ಲಿಕೇಶನ್ಸ್. ಬರೀ ಅಂಕಿಅಂಶದ ಓದು ಅಂದುಕೊಂಡು ಹಿಂದೆ ಸರಿಯಬೇಡಿ. ನಾನು ಹಾಸನದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ನನಗೆ ಹೆಚ್ಚು ಸಿಕ್ಕಿದ್ದು ಇದರ ಪ್ರೋಗ್ರಾಮಿಂಗ್ ಡಿಪ್ಲೊಮಾ ಹಂತದಲ್ಲಿ.

2020ರಲ್ಲಿ ಶುರುವಾದ ಕೋರ್ಸ್ ಇದು. ಜೆಇಇ ಬೇಕಿಲ್ಲ. ಪಿಯುಸಿ ಯಾವ ವಿಭಾಗದಲ್ಲಾದರೂ ಸರಿ, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರ ಪಾಠ ಕೊಡುತ್ತಾರೆ. ಆ ಪಾಠದ ಮೇಲೆಯೇ ಅರ್ಹತಾ ಪರೀಕ್ಷೆ. ಕಲಿಸಿ ಆಮೇಲೆ ಆರಿಸಿಕೊಳ್ಳುವ ಈ ರೀತಿ ನನಗೆ ತುಂಬಾ ಹಿಡಿಸಿತು.

ಫೌಂಡೇಶನ್ ಅನ್ನುವ ಮೊದಲ ಹಂತದ ಕಂಪ್ಯುಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸಿ ಯೋಚಿಸುವುದು) ಪಾಠವನ್ನು ಮಾಧವನ್ ಮುಕುಂದ್ ಮತ್ತು ಜಿ. ವೆಂಕಟೇಶ್ ಮಾಡಿದ್ದಾರೆ. ಕಂಪ್ಯೂಟರ್ ಮುಟ್ಟದೆ, ಅಂಗಡಿ ಬಿಲ್ಲುಗಳ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು) ಅಂದರೇನು, ವೇರಿಯಬಲ್ (ಬದಲಾಗುವ ಮೌಲ್ಯ ಇಟ್ಟುಕೊಳ್ಳುವ ಹೆಸರು) ಅಂದರೇನು ಅಂತ ತೋರಿಸುತ್ತಾರೆ. ದಿನವಿಡೀ ರಶೀದಿಗಳ ಜೊತೆಗೇ ಇರುವ ನನಗೆ ಅದು ಕೂಡಲೇ ಹತ್ತಿರವಾಯಿತು. ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ಅಷ್ಟು ಸಲೀಸಲ್ಲ. ಗಣಿತ ಬಿಟ್ಟು ವರ್ಷಗಳಾಗಿದ್ದರೆ ಅಲ್ಲಿ ಜಾಸ್ತಿ ಹೊತ್ತು ಕೂರಲೇಬೇಕು.

ಅದರ ನಂತರದ ಡಿಪ್ಲೊಮಾ ಹಂತದಲ್ಲಿ ಡೇಟಾಬೇಸ್, ಜಾವಾ, ಲಿನಕ್ಸ್ ಕಮಾಂಡ್‌ಗಳು ಎಲ್ಲವೂ ಇವೆ. ಆದರೆ ಜೀವ ಇರುವುದು ಆ್ಯಪ್ ಡೆವಲಪ್‌ಮೆಂಟ್ ಪ್ರಾಜೆಕ್ಟ್‌ಗಳಲ್ಲಿ. ಮೊದಲನೆಯದರಲ್ಲಿ ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಸಾಧನ) ಮತ್ತು ಎಸ್‌ಕ್ಯೂಲೈಟ್ (ಚಿಕ್ಕ ಡೇಟಾಬೇಸ್) ಬಳಸಿ ಒಂದು ಪೂರ್ತಿ ವೆಬ್ ಆ್ಯಪ್ ಕಟ್ಟಬೇಕು. ನನಗೆ ಬಂದದ್ದು ವಾಹನ ಪಾರ್ಕಿಂಗ್ ಆ್ಯಪ್. ಅಡ್ಮಿನ್ ಪಾರ್ಕಿಂಗ್ ಜಾಗ ಸೇರಿಸಬೇಕು, ದರ ಹಾಕಬೇಕು. ಬಳಕೆದಾರ ಬುಕ್ ಮಾಡಿದಾಗ ಖಾಲಿ ಇರುವ ಸ್ಥಳ ತಾನಾಗಿಯೇ ಸಿಗಬೇಕು. ಗಾಡಿ ನಿಂತಿರುವಾಗಲೇ ಅಡ್ಮಿನ್ ಆ ಜಾಗ ಅಳಿಸಿಬಿಟ್ಟರೆ? ದರ ಬದಲಾದರೆ ಹಳೆಯ ಬುಕಿಂಗ್‌ಗೆ ಯಾವ ದರ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗಲೇ ಡೇಟಾಬೇಸ್‌ನ ಟೇಬಲ್‌ಗಳನ್ನು ಹೇಗೆ ಜೋಡಿಸಬೇಕು ಅನ್ನುವುದು ತಲೆಗೆ ಹತ್ತಿತು. ಎರಡನೆಯ ಪ್ರಾಜೆಕ್ಟ್‌ನಲ್ಲಿ ತೆರೆಯ ಮೇಲೆ ಕಾಣುವ ಭಾಗ ಕಟ್ಟಲು ವ್ಯೂ, ಅದರ ಜೊತೆ ರೆಡಿಸ್, ಸೆಲರಿ ಅನ್ನುವ ಸಾಫ್ಟ್‌ವೇರ್‌ಗಳು ಬರುತ್ತವೆ. ತಿಂಗಳ ವರದಿಯನ್ನು ಹಿನ್ನೆಲೆಯಲ್ಲಿ ತಯಾರಿಸಿ ಮೇಲ್ ಕಳಿಸುವಂಥ ಕೆಲಸಗಳಿಗೆ ರೆಡಿಸ್, ಸೆಲರಿ ಬೇಕು.

ಮುಗಿದ ಮೇಲೆ ವೈವಾ ಇದೆ. ನಿಮ್ಮ ಕೋಡ್ ತೆರೆದು, ಈ ಸಾಲು ಯಾಕೆ ಬರೆದಿರಿ ಅಂತ ಕೇಳುತ್ತಾರೆ. ನಮ್ಮ ಕಡೆ ಪದವಿ ಮಕ್ಕಳಿಗೆ ರೆಡಿ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ದುಡ್ಡು ಕೊಟ್ಟು ತಂದು, ಬೈಂಡ್ ಮಾಡಿಸಿ ಒಪ್ಪಿಸಿಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಮಕ್ಕಳಿಗೆ ಕಲಿಯುವ ಒಳ್ಳೆಯ ಅವಕಾಶವೇ ತಪ್ಪಿಹೋಗುತ್ತದೆ, ಅಲ್ವಾ?

ಇನ್ನು ಕಷ್ಟಗಳು. ಒಂದು ಕೋರ್ಸಿಗೆ ವಾರಕ್ಕೆ ಸುಮಾರು 10 ಗಂಟೆ ಬೇಕು ಅಂತ ಅವರೇ ಹೇಳುತ್ತಾರೆ, ಅದು ನಿಜ. ಕೆಲಸದಲ್ಲಿರುವವರು ಒಂದು ಟರ್ಮಿಗೆ ಎರಡು ಕೋರ್ಸ್ ತಗೊಂಡರೆ ಸಾಕು. ಪಾಠ ಇಂಗ್ಲಿಷಿನಲ್ಲಿ. ಕ್ವಿಜ್ ಮತ್ತು ಕೊನೆಯ ಪರೀಕ್ಷೆಗೆ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು, ನಾನು ಬೆಳಗಿನ ಜಾವದ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತೇನೆ. ಶುಲ್ಕ ಹಂತ ಏರಿದಂತೆ ಏರುತ್ತದೆ. ಎಸ್‌ಸಿ, ಎಸ್‌ಟಿ, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ ರಿಯಾಯಿತಿ ಇದೆ, ದಾಖಲೆಗಳನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಪೂರ್ತಿ ಓದಲು ಆಗದಿದ್ದರೆ ಡಿಪ್ಲೊಮಾಕ್ಕೋ, ಬಿಎಸ್‌ಗಿಂತ ಮೊದಲು ಬರುವ ಬಿಎಸ್ಸಿ ಹಂತಕ್ಕೋ ನಿಲ್ಲಿಸಿ ಪ್ರಮಾಣಪತ್ರ ಪಡೆಯಬಹುದು.

ಪಾಠದ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿವೆ. ದುಡ್ಡು ಕಟ್ಟುವ ಮುಂಚೆ ಕಂಪ್ಯುಟೇಶನಲ್ ಥಿಂಕಿಂಗ್ ಮತ್ತು ಗಣಿತದ ಮೊದಲ ವಾರದ ಪಾಠಗಳನ್ನು ಪೆನ್ನು, ಪುಸ್ತಕ ಹಿಡಿದು ಕೂತು ನೋಡಿ. ಗಣಿತದ ಲೆಕ್ಕಗಳನ್ನು ಎರಡು ಮೂರು ಸಲ ನೋಡಿದ ಮೇಲಾದರೂ ಬಿಡಿಸಲು ಬಂದರೆ ಅರ್ಜಿ ಹಾಕಿ.