ಟಿಕೆಟ್ ಬೇರೆ, ಸೀಟು ಬೇರೆ: ಯೂರೇಲ್ ಪಾಸಿನೊಡನೆ ಎರಡು ಬೇಸಿಗೆ

ಒಮ್ಮೆ ಹಣ ಕಟ್ಟಿ ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಬಹುದಾದ ಯೂರೇಲ್ ಪಾಸನ್ನು ಕೊಳ್ಳುವ ಮುನ್ನ ಯಾರಾದರೂ ನನಗೆ ಒಂದೇ ಒಂದು ಮಾತನ್ನು ಹೇಳಿದ್ದರೆ, 2023ರ ಬೇಸಿಗೆಯಲ್ಲಿ ನಮ್ಮ ಕೈಯಿಂದ ಸುಮಾರು 180 ಯೂರೋ ಸುಮ್ಮನೆ ಹೋಗುತ್ತಿರಲಿಲ್ಲ. ಆ ಮಾತು ಇಷ್ಟೇ: ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಮೈಸೂರಿನಿಂದ ಬೆಳಗಾವಿಗೆ ಟಿಕೆಟ್ ಕಾಯ್ದಿರಿಸಿದರೆ ಬೋಗಿಯೂ ಬರ್ತೂ ಅದರಲ್ಲೇ ನಮೂದಾಗಿರುತ್ತವೆ. ಸಿಗದಿದ್ದರೆ ವೇಯ್ಟಿಂಗ್ ಲಿಸ್ಟ್ ಎಂದಾದರೂ ಬರೆದಿರುತ್ತದೆ. ಜೀವಮಾನವಿಡೀ ಈ ಪದ್ಧತಿಗೆ ಒಗ್ಗಿಹೋದ ನನಗೆ, ಹಣ ಕೊಟ್ಟು ಪಾಸ್ ತೆಗೆದುಕೊಂಡ ಮೇಲೂ ಕೆಲವು ರೈಲುಗಳಲ್ಲಿ ಕೂರುವುದಕ್ಕೆ ಮತ್ತೊಮ್ಮೆ ಹಣ ತೆರಬೇಕೆಂಬುದು ಹೊಳೆದಿರಲೇ ಇಲ್ಲ. ನಿಯಮ ಜಾಲತಾಣದಲ್ಲಿ ಸ್ಪಷ್ಟವಾಗಿಯೇ ಇತ್ತು. ಓದದೆ ಬಿಟ್ಟವನು ನಾನು.

ಪಾಸಿನ ಬಗೆಗಳನ್ನು ಇಲ್ಲಿ ವಿವರಿಸುತ್ತ ಕೂರುವುದಿಲ್ಲ. ಯುರೋಪಿನ ಹೊರಗೆ ನೆಲೆಸಿರುವ ನಮ್ಮಂಥವರಿಗೆ ಯೂರೇಲ್, ಅಲ್ಲಿಯೇ ನೆಲೆಸಿದವರಿಗೆ ಇಂಟರ್‌ರೇಲ್. ಎರಡೂ 33 ದೇಶಗಳಲ್ಲಿ ನಡೆಯುತ್ತವೆ. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿರುವ ನಮ್ಮ ಮಗಳು ಒಂದು ವಾರ ಜೊತೆಗೆ ಬಂದಾಗ ಒಂದೇ ಬೋಗಿಯಲ್ಲಿ ಅಕ್ಕಪಕ್ಕ ಕುಳಿತೂ ಅವಳ ಪಾಸಿನ ಹೆಸರು ಬೇರೆ, ನಮ್ಮದು ಬೇರೆ. ಅವಳ ಪಾಸಿನಲ್ಲಿ ತಾನು ವಾಸಿಸುವ ದೇಶದಿಂದ ಒಮ್ಮೆ ಹೊರಡುವುದಕ್ಕೆ ಮತ್ತು ಒಮ್ಮೆ ಮರಳುವುದಕ್ಕೆ ಮಾತ್ರ ಅವಕಾಶ. ನಮಗೆ ಆ ನಿರ್ಬಂಧವಿಲ್ಲ. ಅರವತ್ತು ದಾಟಿದವರಿಗೆ ಶೇಕಡಾ 10ರ ರಿಯಾಯಿತಿಯೂ ಉಂಟು. ನಿವೃತ್ತಿಯಿಂದ ನನಗೆ ಒದಗಿದ ಲಾಭಗಳಲ್ಲಿ ಇದೂ ಒಂದು.

ಸೀಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಿಂಗಳ ಪ್ರವಾಸದ ಯೋಜನೆಯೆಲ್ಲ ಕೊನೆಗೆ ಅದರ ಸುತ್ತಲೇ ತಿರುಗುತ್ತದೆ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚಾರೋಸ್ಸಾ, ಸ್ಪೇನಿನ ವೇಗದ ರೈಲುಗಳು, ದೇಶದಿಂದ ದೇಶಕ್ಕೆ ವೇಗವಾಗಿ ಓಡುವ ಯೂರೋಸ್ಟಾರ್ ಮತ್ತು ಬಹುತೇಕ ಎಲ್ಲ ರಾತ್ರಿ ರೈಲುಗಳಲ್ಲಿ ಪಾಸಿದ್ದರೂ ಸೀಟನ್ನು ಕಾಯ್ದಿರಿಸಲೇಬೇಕು, ಅದಕ್ಕೆ ಪ್ರತ್ಯೇಕ ಶುಲ್ಕ ಕೊಡಲೇಬೇಕು. ಶುಲ್ಕವನ್ನಾದರೂ ಸಹಿಸಿಕೊಳ್ಳಬಹುದು, ಆದರೆ ಹಲವು ರೈಲುಗಳಲ್ಲಿ ಪಾಸಿನವರಿಗೆಂದು ತೆಗೆದಿರಿಸುವ ಸೀಟುಗಳ ಸಂಖ್ಯೆಗೂ ಮಿತಿಯಿದೆ. ಬೋಗಿಯಲ್ಲಿ ಜಾಗ ಇರುತ್ತದೆ, ಪೂರ್ಣ ದರದ ಟಿಕೆಟೂ ಮಾರಾಟವಾಗುತ್ತಿರುತ್ತದೆ, ಪಾಸಿನವರಿಗೆ ಮಾತ್ರ ಇಲ್ಲ. ನಮ್ಮ ಪಟ್ಟಿಯಲ್ಲಿದ್ದ ಒಂದು ವೇಗದ ರೈಲಿನಲ್ಲಿ ಹೀಗೇ ಆಯಿತು. ಇನ್ನೊಂದು ದೇಶದ ರೈಲ್ವೆಯ ಜಾಲತಾಣ ನನ್ನ ಬ್ಯಾಂಕ್ ಕಾರ್ಡನ್ನು ಸತತ ಮೂರು ರಾತ್ರಿ ತಿರಸ್ಕರಿಸಿತು: ಒಟಿಪಿ ಬರುತ್ತದೆ, ಹಾಕುತ್ತೇನೆ, ಪುಟ ಬಿಳಿಯಾಗುತ್ತದೆ, ಅಷ್ಟರಲ್ಲಿ ಹಿಡಿದಿಟ್ಟ ಸೀಟು ಕೈತಪ್ಪುತ್ತದೆ. ನಾಲ್ಕನೆಯ ರಾತ್ರಿ ನನ್ನ ಪತ್ನಿ, "ರೀ, ಸಾಕು ಬಿಡಿ, ಕುಮಟಾಕ್ಕೆ ಹೋಗಿ ಹತ್ತು ದಿನ ಸಮುದ್ರ ನೋಡಿಕೊಂಡು ಬರೋಣ" ಎಂದಳು. ಆ ಗಳಿಗೆಯಲ್ಲಿ ನನಗೂ ಅದೇ ಸರಿಯೆನಿಸಿತ್ತು.

2025ರಲ್ಲಿ ಮತ್ತೆ ಹೊರಟಾಗ ನಾನು ಬೇರೆ ರೀತಿಯಲ್ಲಿ ಕುಳಿತೆ. ಇನ್ನೂರು ಪುಟದ ಒಂದು ನೋಟುಬುಕ್ಕು, ಅದರಲ್ಲಿ ಎರಡು ಅಂಕಣ. ಎಡಕ್ಕೆ "ಸೀಟು ಬೇಕು", ಬಲಕ್ಕೆ "ಸುಮ್ಮನೆ ಹತ್ತು". ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ದೇಶಗಳ ಒಳಗಿನ ರೈಲುಗಳ ಪೈಕಿ ಬಹುಪಾಲು ಬಲ ಅಂಕಣಕ್ಕೆ ಸೇರುತ್ತವೆ. ಜರ್ಮನಿಯ ಐಸಿಇಯಂಥ ವೇಗದ ರೈಲನ್ನೂ ಸಾಮಾನ್ಯವಾಗಿ ಹಾಗೆಯೇ ಹತ್ತಬಹುದು. ಯಾರೋ ಕಾಯ್ದಿರಿಸಿದ ಸೀಟಾದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದರ ಮೇಲಿನ ಪುಟ್ಟ ಫಲಕದಲ್ಲಿ ಮೂಡುತ್ತದೆ. ಏನೂ ಮೂಡದ ಸೀಟನ್ನು ನೋಡಿ ಕೂತರಾಯಿತು. ನಮ್ಮ ಜನರಲ್ ಬೋಗಿಯ ಸ್ವಾತಂತ್ರ್ಯಕ್ಕೆ ಮೆತ್ತನೆಯ ಸೀಟು ಸೇರಿದಂತೆ.

ಹೀಗಾಗಿ ಮೊದಲು ಊರುಗಳನ್ನು ಆರಿಸಿ ಆಮೇಲೆ ರೈಲು ಹುಡುಕುವ ಕ್ರಮವನ್ನು ಕೈಬಿಟ್ಟು, ಬಲ ಅಂಕಣದ ರೈಲುಗಳು ಎಲ್ಲೆಲ್ಲಿಗೆ ಒಯ್ಯುತ್ತವೆಯೋ ಅಲ್ಲಲ್ಲಿಗೆ ಪ್ರವಾಸವನ್ನು ಬಾಗಿಸಿದೆ. ಐಂಡ್‌ಹೋವನ್‌ನಿಂದ ಡ್ರೆಸ್ಡೆನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಅಲ್ಲಿಂದ ಇಡೀ ಆಸ್ಟ್ರಿಯಾವನ್ನು ಹಗಲಿನಲ್ಲಿ ದಾಟಿ ಜ್ಯೂರಿಕ್, ಆಲ್ಪ್ಸ್ ಹತ್ತಿಳಿದು ಮಿಲಾನ್, ಮತ್ತೆ ಉತ್ತರಕ್ಕೆ. ತಿಂಗಳಿಡೀ ನಡೆಯುವ ಪಾಸಿನ ಬದಲು ಎರಡು ತಿಂಗಳೊಳಗೆ ಯಾವುದಾದರೂ ಹತ್ತು ದಿನ ಬಳಸಬಹುದಾದ ಪಾಸನ್ನು ತೆಗೆದುಕೊಂಡೆ, ಏಕೆಂದರೆ ದಿನವೂ ರೈಲು ಹತ್ತುವ ವಯಸ್ಸು ನಮ್ಮದಲ್ಲ. ಒಂದು ಊರಿನಲ್ಲಿ ಮೂರು ರಾತ್ರಿಯಾದರೂ ನಿಲ್ಲದಿದ್ದರೆ ಬಟ್ಟೆ ಒಗೆದು ಒಣಗಿಸುವುದಕ್ಕೇ ಆಗುವುದಿಲ್ಲ.

ಹತ್ತು ದಿನಗಳನ್ನು ಎಲ್ಲಿ ಖರ್ಚು ಮಾಡಬೇಕು ಎಂಬ ಲೆಕ್ಕ ನನಗೆ ತುಂಬ ಹಿಡಿಸಿತು. ಪಾಸಿನ ಬೆಲೆಯನ್ನು ಹತ್ತರಿಂದ ಭಾಗಿಸಿದಾಗ ಒಬ್ಬರಿಗೆ ದಿನಕ್ಕೆ 40 ಯೂರೋಗಿಂತ ಸ್ವಲ್ಪ ಹೆಚ್ಚು ಬಿತ್ತು. ಅಂದಿನ ಪ್ರಯಾಣದ ಬಿಡಿ ಟಿಕೆಟ್ ಅದಕ್ಕಿಂತ ಅಗ್ಗವಾಗಿ ಸಿಗುವುದಾದರೆ ಪಾಸಿನ ದಿನವನ್ನು ಮುಟ್ಟಲಿಲ್ಲ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ಸುಮಾರು ಒಂದು ಗಂಟೆಯ ದಾರಿ. ಅದಕ್ಕೆ ಪಾಸಿನ ದಿನ ಸುರಿಯುವುದು ಸೊಪ್ಪು ತರಲು ಆಟೋ ಮಾಡಿಕೊಂಡು ಹೋದಂತೆ. ಜೆಕ್ ದೇಶದೊಳಗಿನ ಪ್ರಯಾಣಕ್ಕೂ ಬಿಡಿ ಟಿಕೆಟೇ ವಾಸಿ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಮಾತ್ರ ಎರಡನೆಯ ಯೋಚನೆ ಬೇಡ. ಅಲ್ಲಿನ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಪಾಸಿನ ಬೆಲೆ ತೀರುವುದೇ ಅಲ್ಲಿ.

ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಈ ಯೋಜನೆಗೆ ಇನ್ನೊಂದು ಗಂಟು. ಅರ್ಜಿಯನ್ನು ಹೊರಡುವ ಆರು ತಿಂಗಳ ಮುಂಚಿನಿಂದ ಹಾಕಬಹುದು, ಹೆಚ್ಚು ದಿನ ಉಳಿಯುವ ದೇಶಕ್ಕೇ ಹಾಕಬೇಕು. ಮಗಳ ಮನೆಯಲ್ಲಿ ಒಟ್ಟು ಹನ್ನೆರಡು ರಾತ್ರಿ ಬರುವಂತೆ ನೋಟುಬುಕ್ಕಿನಲ್ಲಿ ಹೊಂದಿಸಿ ಅದನ್ನು ಬಿಡಿಸಿದೆವು. ದಿನದಿನದ ಪ್ರವಾಸಪಟ್ಟಿಯನ್ನು ಒಪ್ಪಿಸಬೇಕಾಗುತ್ತದೆಯಾದರೂ, ಪಾಸಿದ್ದರೆ ಒಂದೊಂದು ರೈಲಿಗೂ ಮೊದಲೇ ಹಣ ಕಟ್ಟಿ ಸಿಕ್ಕಿಬೀಳುವ ಭಯವಿಲ್ಲ.

ಇನ್ನು ದಿನಚರಿ. ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಊರಿನಲ್ಲಿ ಆಷಾಢದ ಮಳೆ ಹಿಡಿದಿದೆಯೆಂದು ನನ್ನ ತಮ್ಮ ಫೋನಿನಲ್ಲಿ ಹೇಳುತ್ತಿದ್ದರೆ ನಾವು ಹೋಟೆಲಿನ ಕಿಟಕಿಯ ಪರದೆ ಎಳೆದು ಕತ್ತಲು ಮಾಡಿಕೊಳ್ಳುತ್ತಿದ್ದೆವು. ಮಲಗುವ ಮುನ್ನ ಎರಡು ಕೆಲಸ. ಒಂದು, ನನ್ನ ಪತ್ನಿ ಮೈಸೂರಿನಿಂದ ಹೊತ್ತು ತಂದ ಎರಡು ಲೋಟದ ಪುಟ್ಟ ಸ್ಟೀಲ್ ಫಿಲ್ಟರಿಗೆ ಕಾಫಿ ಪುಡಿ ಹಾಕಿ, ಕೋಣೆಯ ಕೆಟಲಿನ ಕುದಿನೀರು ಸುರಿದು ಮುಚ್ಚಿಡುತ್ತಿದ್ದಳು. ಎರಡು, ನಾನು ಫೋನಿನ ಆ್ಯಪಿನಲ್ಲಿ ನಾಳೆಯ ರೈಲನ್ನು ಹುಡುಕಿ ಇಬ್ಬರ ಪಾಸಿಗೂ ಸೇರಿಸುತ್ತಿದ್ದೆ. ಬೆಳಿಗ್ಗೆ ನಿಲ್ದಾಣದಲ್ಲಿ ಆ ಪ್ರಯಾಣದ ಗುಂಡಿಯನ್ನು ಸರಿಸಿದೊಡನೆ ಚೌಕದ ಕ್ಯೂಆರ್ ಚಿತ್ರ ಮೂಡುತ್ತದೆ; ಟಿಸಿ ಬಂದು ತನ್ನ ಯಂತ್ರ ಹಿಡಿದರೆ ಪುಟ್ಟ "ಟಿಂಗ್" ಸದ್ದು, ಮುಗುಳ್ನಗೆ, ಮುಂದಿನ ಸೀಟು. ಡಿಕಾಕ್ಷನ್ನನ್ನು ಔಷಧದ ಖಾಲಿ ಬಾಟಲಿಯಲ್ಲಿ ತುಂಬಿಕೊಂಡು, ರೈಲು ಹೊರಟ ಮೇಲೆ ಫ್ಲಾಸ್ಕಿನ ಬಿಸಿ ಹಾಲಿಗೆ ಬೆರೆಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದೆವು. ಡ್ರೆಸ್ಡೆನ್‌ನಿಂದ ಪ್ರಾಗ್ ಕಡೆಗೆ ಎಡಗಡೆಯ ಕಿಟಕಿ ಹಿಡಿಯಿರಿ. ಎಲ್ಬ ನದಿ ಮತ್ತು ಅದರಾಚೆಯ ಮರಳುಗಲ್ಲಿನ ಬಂಡೆಗಳು ಆ ಕಡೆಗೇ ಬರುತ್ತವೆ. ಮಧ್ಯಾಹ್ನಕ್ಕೆ ಜೆಕ್ ದೇಶದ ಊಟದ ಬೋಗಿಯಲ್ಲಿ ಸಸ್ಯಾಹಾರಿಗಳಿಗೆ ಕರಿದ ಚೀಸ್ ಸಿಕ್ಕರೆ ಅದೃಷ್ಟ.

ಒಮ್ಮೆ ಮಾತ್ರ ಪ್ರಯಾಣವನ್ನು ಸೇರಿಸುವುದನ್ನು ಮರೆತು ರೈಲು ಹತ್ತಿದೆ. ಹತ್ತುವ ಮುಂಚೆಯೇ ಸೇರಿಸಬೇಕೆಂಬುದು ನಿಯಮ. ಎರಡು ಬೋಗಿ ಆಚೆ ಟಿಸಿ ಕಾಣಿಸಿದ, ರೈಲು ಸುರಂಗಕ್ಕೆ ನುಗ್ಗಿತು, ನೆಟ್‌ವರ್ಕ್ ಹೋಯಿತು. ಸುರಂಗ ಮುಗಿಯುವವರೆಗೆ ನಾನು ನೆನೆಯದ ದೇವರಿಲ್ಲ.

ಪಾಸಿನ ಮೇಲಿದ್ದ ನನ್ನ ಸಿಟ್ಟು ಇಳಿದದ್ದು ಸ್ವಿಟ್ಜರ್‌ಲ್ಯಾಂಡಿನ ಕೂರ್‌ನಿಂದ ಇಟಲಿಯ ತಿರಾನೊಗೆ ಹೋದ ದಿನ. ಈ ದಾರಿಯ ಬರ್ನಿನಾ ಎಕ್ಸ್‌ಪ್ರೆಸ್ ಜಗತ್ಪ್ರಸಿದ್ಧ. ದೊಡ್ಡ ಗಾಜಿನ ಬೋಗಿ, ಸೀಟು ಕಾಯ್ದಿರಿಸುವುದು ಕಡ್ಡಾಯ, ಎಂದರೆ ನನ್ನ ಎಡ ಅಂಕಣ. ಆದರೆ ಅದೇ ಹಳಿಗಳ ಮೇಲೆ ಊರೂರಿಗೆ ನಿಲ್ಲುವ ಸಾಧಾರಣ ರೈಲುಗಳೂ ಓಡುತ್ತವೆ. ಅವಕ್ಕೆ ಸೀಟಿನ ಗೊಡವೆಯಿಲ್ಲ, ಪಾಸ್ ಸಾಕು, ನಡುವೆ ಒಮ್ಮೆ ರೈಲು ಬದಲಿಸಬೇಕು ಅಷ್ಟೆ. ಮೇಲಾಗಿ, ಎಕ್ಸ್‌ಪ್ರೆಸ್ಸಿನ ಗಾಜು ತೆರೆಯುವುದಿಲ್ಲ. ನಮ್ಮ ಬೋಗಿಯ ಕಿಟಕಿ ಕೆಳಗಿಳಿಯುತ್ತಿತ್ತು. 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆಯ ಮೇಲೆ ರೈಲು ಬಿಲ್ಲಿನಂತೆ ಬಾಗಿ ನೇರವಾಗಿ ಬಂಡೆಯೊಳಗಿನ ಸುರಂಗವನ್ನು ಹೊಕ್ಕಿತು. 2,253 ಮೀಟರ್ ಎತ್ತರದ ಓಸ್ಪಿಸಿಯೋ ಬರ್ನಿನಾ ಬಳಿ ಎರಡು ಸರೋವರಗಳು: ಹಿಮನದಿ ಅರೆದು ತಂದ ಕಲ್ಲುಹುಡಿಯಿಂದ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ ಬಿಳಿ ಸರೋವರ, ಅದಕ್ಕೆ ಸ್ವಲ್ಪ ದೂರದಲ್ಲಿ ಕಪ್ಪು ಸರೋವರ. ಒಂದರ ನೀರು ದಕ್ಷಿಣಕ್ಕಿಳಿದು ಆ್ಯಡ್ರಿಯಾಟಿಕ್ ಸಮುದ್ರ ಸೇರಿದರೆ ಇನ್ನೊಂದರದು ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ವಾರದ ಹಿಂದೆ ಬುಡಾಪೆಸ್ಟಿನ ದಂಡೆಯ ಮೆಟ್ಟಿಲ ಮೇಲೆ ಕುಳಿತು ನಾವು ನೋಡಿದ್ದು ಅದೇ ಡ್ಯಾನ್ಯೂಬನ್ನು.

ನೀಲಗಿರಿಯ ರೈಲು ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಏರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಸಾವಿರ ಮೀಟರಿಗೆ ಇಪ್ಪತ್ತು ಮೀಟರ್ ಇಳಿಜಾರು. ಈ ಬರ್ನಿನಾ ದಾರಿಯಲ್ಲಿ ಹಲ್ಲೂ ಇಲ್ಲದೆ ಸಾವಿರಕ್ಕೆ 70 ಮೀಟರ್. ಬ್ರೂಸಿಯೋ ಎಂಬಲ್ಲಿ ಇಳಿಜಾರನ್ನು ಹದಮಾಡಲು ಕಲ್ಲಿನ ಕಮಾನುಗಳ ಮೇಲೆ ಇಡೀ ರೈಲು ಒಂದು ಸುತ್ತು ಸುತ್ತಿ ತನ್ನದೇ ಸೇತುವೆಯ ಕೆಳಗೆ ನುಸುಳುತ್ತದೆ. ಕಿಟಕಿಯಿಂದ ನಮ್ಮದೇ ಹಿಂದಿನ ಬೋಗಿ ಕಂಡಿತು. ಎದುರು ಸೀಟಿನ ಶಾಲಾ ಹುಡುಗಿ ಮಾತ್ರ ತಲೆಯೆತ್ತದೆ ಲೆಕ್ಕದ ಪುಸ್ತಕದಲ್ಲಿ ಏನೋ ಹೊಡೆದುಹಾಕುತ್ತಿದ್ದಳು. ತಿರಾನೊ ಹತ್ತಿರ ರೈಲು ಬೀದಿಗೇ ಇಳಿದು ಚರ್ಚಿನ ಮುಂದಿನ ಚೌಕದಲ್ಲಿ ಕಾರುಗಳ ಪಕ್ಕ ನಡೆಯಿತು. ಕೆಳಗಿಳಿದಾಗ ಎತ್ತರ 429 ಮೀಟರ್, ಸೆಕೆ ಸಾಗರ ಪಟ್ಟಣದ ಮೇ ತಿಂಗಳಿನದು.

ಮಿಲಾನ್‌ನಿಂದ ಹಿಂದಿರುಗುವಾಗ ನೇರ ರೈಲಿಗೆ ಮತ್ತೆ ಸೀಟಿನ ಕಡ್ಡಾಯ. ಸಾಧಾರಣ ರೈಲಿನಲ್ಲಿ ಗಡಿಯ ಕಿಯಾಸೊಗೆ ಹೋಗಿ ಅಲ್ಲಿಂದ ಸ್ವಿಸ್ ರೈಲು ಹಿಡಿದೆವು. ಬೆಲ್ಲಿಂಜೋನಾದಲ್ಲಿ ಬದಲಿಸುವಾಗ, 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ತಳ ಸುರಂಗದ ರೈಲನ್ನು ಬಿಟ್ಟು, 1882ರ ಹಳೆಯ ಬೆಟ್ಟದ ದಾರಿಯದನ್ನು ಹತ್ತಿದೆವು. ಸಕಲೇಶಪುರದ ಘಟ್ಟದಲ್ಲಿ ಸುರಂಗಗಳೇ 57. ಹಳೆಯ ದಾರಿ ಸುತ್ತಿ ಸುತ್ತಿ ಇಳಿಯುವುದರಿಂದ ವಾಸೆನ್ ಊರಿನ ಚರ್ಚು ಮೂರು ಸಲ, ಮೂರು ಎತ್ತರದಲ್ಲಿ ಕಾಣುತ್ತದೆ.

ಬೇರೊಂದು ದೇಶದಲ್ಲಿ ರೈಲು ಐವತ್ತು ನಿಮಿಷ ತಡವಾಗಿ ನಮ್ಮ ಮುಂದಿನ ಎರಡೂ ಕೊಂಡಿ ರೈಲುಗಳು ತಪ್ಪಿದವು. ಅಗ್ಗದ ಮುಂಗಡ ಟಿಕೆಟ್ ಹಿಡಿದಿದ್ದ ಸಹಪ್ರಯಾಣಿಕರು ಇಳಿದವರೇ ವಿಚಾರಣೆಯ ಕಿಟಕಿಗೆ ಓಡಿದರು. ನಾವು ಆ್ಯಪಿನಲ್ಲಿ ಮುಂದಿನ ರೈಲನ್ನು ಸೇರಿಸಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗೊಜ್ಜವಲಕ್ಕಿಯ ಡಬ್ಬಿ ತೆರೆದೆವು. ಪಾಸು ಯಾವ ಒಂದು ರೈಲಿಗೂ ಕಟ್ಟುಬಿದ್ದಿಲ್ಲ ಎಂಬುದರ ಅರ್ಥ ನನಗೆ ಅಂದು ಆ ಬೆಂಚಿನ ಮೇಲೆ ಆಯಿತು.

ಪ್ಯಾರಿಸ್ ಇಲ್ಲದೆ ನನ್ನ ಪತ್ನಿ ಹಿಂದಿರುಗುವವಳಾಗಿರಲಿಲ್ಲ. ಅದಕ್ಕೂ ಬಲ ಅಂಕಣದಲ್ಲಿ ದಾರಿ ಸಿಕ್ಕಿತು: ಬೆಲ್ಜಿಯಂನ ಆಂಟ್ವರ್ಪ್‌ನಿಂದ ಫ್ರಾನ್ಸಿನ ಲೀಲ್, ಲೀಲ್‌ನಿಂದ ಆಮ್ಯಾಂ, ಅಲ್ಲಿಂದ ಪ್ಯಾರಿಸ್, ಎಲ್ಲವೂ ಪ್ರಾದೇಶಿಕ ರೈಲುಗಳು. ವೇಗದ ರೈಲಿಗಿಂತ ಎಷ್ಟೋ ಪಟ್ಟು ನಿಧಾನ. "ಅಪ್ಪಾ, ಆ ಶುಲ್ಕ ನಾನು ಕೊಡ್ತೀನಿ, ನೇರ ಹೋಗಿ" ಎಂದು ಮಗಳು ಗೋಗರೆದರೂ ಕೇಳಲಿಲ್ಲ. ನಡುವೆ ಆಮ್ಯಾಂ ನಿಲ್ದಾಣದಲ್ಲಿ ಇಳಿದು ಚೀಲಗಳನ್ನೆಳೆದುಕೊಂಡೇ ಅಲ್ಲಿನ ಹದಿಮೂರನೆಯ ಶತಮಾನದ ಚರ್ಚಿಗೆ ಹೋಗಿ ಬಂದೆವು; ನನ್ನ ಪತ್ನಿಗೆ ಪ್ಯಾರಿಸ್‌ಗಿಂತ ಅದೇ ಹೆಚ್ಚು ನೆನಪಿನಲ್ಲಿದೆ.

ನನ್ನಂತೆ ಸಮಯ ಧಾರಾಳವಾಗಿದ್ದು ಹಣ ಅಳತೆಯಲ್ಲಿರುವವರು, ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಾ, ಜರ್ಮನಿಗಳನ್ನು ಸುತ್ತುವವರು ಪಾಸನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಹದಿನೈದು ದಿನದ ರಜೆಯಲ್ಲಿ ಪ್ಯಾರಿಸ್, ಬಾರ್ಸಿಲೋನಾ, ರೋಮ್ ಮುಗಿಸಬೇಕೆನ್ನುವವರು ಎರಡು ಮೂರು ತಿಂಗಳು ಮುಂಚೆ ಬಿಡಿ ಟಿಕೆಟ್ ತೆಗೆಸುವುದು ಲೇಸು. ಈ ಬಾರಿ ಸೀಟಿಗೆಂದು ನಾವು ಕೊಟ್ಟದ್ದು ಒಟ್ಟು 24 ಯೂರೋ, ಅದೂ ಬುಡಾಪೆಸ್ಟಿನಿಂದ ಹೊರಟ ಹತ್ತು ಗಂಟೆಗೂ ಮೀರಿದ ದಾರಿಯಲ್ಲಿ ಇಬ್ಬರಿಗೂ ಕಿಟಕಿ ಬೇಕೆಂಬ ಆಸೆಗೆ ಮತ್ತು ಇನ್ನೊಂದೆಡೆ ವಾರಾಂತ್ಯದ ಜನಜಂಗುಳಿಗೆ ಹೆದರಿ. ಪಾಸಿಗೆ ಐದಕ್ಕೆ ನಾಲ್ಕು ನಕ್ಷತ್ರ. ನನ್ನ ಪತ್ನಿ ಈಗ ಸ್ಪೇನ್ ಎನ್ನುತ್ತಿದ್ದಾಳೆ. ನೋಟುಬುಕ್ಕಿನ ಹೊಸ ಪುಟದಲ್ಲಿ ಎಡ ಅಂಕಣ ಆಗಲೇ ಕೆಳಗಿನ ಗೆರೆ ಮುಟ್ಟಿದೆ. ಬಲ ಅಂಕಣದಲ್ಲಿ ಇನ್ನೂ ಎರಡೇ ಸಾಲು.