40,000 ಎಂದರು, ಖಾತೆಗೆ ಬಂದದ್ದು 35,200

ಗೋವಾದ ವಾಸ್ಕೋ, ಝುವಾರಿನಗರದ ಕಡೆಯ ನಮ್ಮ ಹೆಣ್ಣುಮಕ್ಕಳೇ, ಗುಂಪು ಸಾಲಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ. ಹೇಳಿಕೊಳ್ಳಲು ನನಗೇ ನಾಚಿಕೆ. ಹದಿನಾಲ್ಕು ವರ್ಷ ಬೆಳ್ಳುಳ್ಳಿ, ಮೆಣಸಿನಕಾಯಿ ತೂಗಿದವಳು ನಾನು. 50 ಗ್ರಾಂ ಕಡಿಮೆಯಾದರೂ ಕೈಗೆ ಗೊತ್ತಾಗುತ್ತದೆ. ಅಂಥವಳಿಗೆ ಸಾಲ ಕೊಟ್ಟವರು 4,800 ಕಡಿಮೆ ಕೊಟ್ಟು ಹೋದರು!

ಐದು ಜನರ ಗುಂಪು, ವಾರದ ಕಂತು, ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಇದೆಲ್ಲ ನಿಮಗೆ ಗೊತ್ತಿರುವುದೇ. ತಲಾ 40,000, "ಬಡ್ಡಿ ನೂರಕ್ಕೆ 12 ಮಾತ್ರ", ವಾರಕ್ಕೆ 896ರಂತೆ 50 ಕಂತು. ಉಳಿದ ನಾಲ್ವರ ಮನೆಗೆ ಹೋಗಿ ಒಪ್ಪಿಸಿದವಳೂ ನಾನೇ. ಈಗ ಅವರು ನನ್ನ ಮುಖ ನೋಡುವುದಿಲ್ಲ.

ಖಾತೆಯಲ್ಲಿ 35,200 ಕಂಡಾಗ ಬ್ಯಾಂಕಿನವರದೇ ತಪ್ಪು ಎಂದುಕೊಂಡೆ. ಮಗಳು ಸಾಲದ ಕಾರ್ಡು ತಂದು ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಸಾಲು ಓದಿದಳು. ಶುಲ್ಕ 800, ವಿಮೆ 1,400, ಮಿಕ್ಸರ್ 2,600. ಮಿಕ್ಸರ್! ನಾನು ಕೇಳಿದ್ದೆನೇ? ಬಡ್ಡಿ ಮಾತ್ರ ಪೂರ್ತಿ 40,000ಕ್ಕೆ. ಅಸಲು ವಾರವಾರ ಕರಗುತ್ತಿದ್ದರೂ ಬಡ್ಡಿ ಕರಗುವುದಿಲ್ಲ. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅವರ 12 ಎನ್ನುವುದು 23 ದಾಟುತ್ತದೆ. 35,200 ಪಡೆದು 44,800 ಕಟ್ಟಬೇಕು. ಮಗಳು ಮೊಬೈಲಿನಲ್ಲಿ ಎರಡು ಸಲ ಕೂಡಿಸಿದಳು, ನಾನು ಮೂರನೆಯ ಸಲ ಕೂಡಿಸಲು ಹೇಳಿದೆ.

ಸಾಲ ಕೊಡಿಸಿದ ಹುಡುಗನನ್ನು ಕೇಳಿದರೆ "ನೀವೇ ಸಹಿ ಮಾಡಿದ್ದೀರಲ್ಲ ಅಕ್ಕಾ" ಎಂದ. ವಿಮೆ ಬೇಡವೆಂದರೂ ಅದೇ ಮಾತು, ಮಿಕ್ಸರ್ ವಾಪಸ್ ಕೊಡುತ್ತೇನೆ ಎಂದರೂ ಅದೇ ಮಾತು. ಕಚೇರಿಯಲ್ಲಿ ಕೇಳಿದರೆ "ಕಂಪ್ಯೂಟರಿನಲ್ಲಿ ಹಾಗೇ ಬರುತ್ತದೆ". ಅಕ್ಕಾ ಅಕ್ಕಾ ಎನ್ನುತ್ತಿದ್ದ ಅದೇ ಹುಡುಗ, ಗುಂಪಿನ ಒಬ್ಬಳು ಬಾಣಂತನಕ್ಕೆಂದು ಊರಿಗೆ ಹೋಗಿ ಕಂತು ತಪ್ಪಿದ ದಿನ, ರಾತ್ರಿ ಎಂಟರವರೆಗೆ ನಮ್ಮ ಹೊಸ್ತಿಲಲ್ಲೇ ಕುಳಿತಿದ್ದ. ಅಕ್ಕಪಕ್ಕದವರೆಲ್ಲ ನೋಡಿದರು.

ರಿಸರ್ವ್ ಬ್ಯಾಂಕಿನ 2022ರ ನಿಯಮ ಮೊದಲೇ ಗೊತ್ತಿದ್ದರೆ ಜಗಳವಾದರೂ ಆಡುತ್ತಿದ್ದೆ. ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಸಾಲದ ಜೊತೆ ಬೇರೇನಾದರೂ ಮಾರಿದರೆ ನಮ್ಮ ಪೂರ್ತಿ ಒಪ್ಪಿಗೆ ಬೇಕು, ಅದರ ಬೆಲೆ ಕಾರ್ಡಿನಲ್ಲಿ ಬರೆದಿರಬೇಕು. ವಸೂಲಿಗೆಂದು ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಫೋನ್ ಕೂಡ ಮಾಡುವಂತಿಲ್ಲ. ಬಡ್ಡಿ ಎಷ್ಟು ಎಂದು ಕೇಳಬೇಡಿ, ಅದಕ್ಕೆ ಅವರ ಬಳಿ ಸಿಹಿ ಉತ್ತರವಿದೆ. ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು ಎಂದು ಕೇಳಿ, ಸಾಲ ಕೊಡಿಸುವವನ ಕೈಯಲ್ಲೇ ಬರೆಸಿಕೊಳ್ಳಿ. ಅಕ್ಕಾ ಎಂದು ಕರೆದರೆ ಇನ್ನೂ ಎರಡು ಸಲ ಕೇಳಿ.

ಆ ಮಿಕ್ಸರಿನ ಮುಚ್ಚಳ ಜಾರ್‌ಗೆ ಸರಿಯಾಗಿ ಕೂರುವುದೇ ಇಲ್ಲ. ಮೊದಲ ದಿನವೇ ಖಾರದ ಪುಡಿ ಗೋಡೆಗೆಲ್ಲ ಹಾರಿತು. ಮತ್ತೆ ಡಬ್ಬದಲ್ಲಿ ಕಟ್ಟಿಟ್ಟಿದ್ದೇನೆ. ಸೋಮವಾರದ ಗುಂಪಿನ ಸಭೆಗೆ ಹೊತ್ತುಕೊಂಡು ಹೋಗಿ ಆ ಹುಡುಗನ ಮುಂದೆ ಇಡುತ್ತೇನೆ.