ಮೋರಿಸ್ ಮೈನರ್‌ನ ಮುಂದಿನ ಚಕ್ರಗಳಿಗೆ ನಾಲ್ಕು ಬಗೆಯ ರಬ್ಬರ್

ಎಡಮುಂದಿನ ಚಕ್ರ ಬಿಚ್ಚಿ, ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳತೋಳಿನ ಮುಂಭಾಗದ ಅರ್ಧವನ್ನು ಕಳಚಿ, ಆ ತೋಳಿನ ಹೊರತುದಿಯ ಕೀಲಾದ ಟ್ರನಿಯನ್ನಿನ ಪಿನ್ನನ್ನು ಬಯಲಿಗೆ ತಂದಾಗ, ಅದರ ಎರಡು ತುದಿಗಳಲ್ಲಿ ರಬ್ಬರ್ ಸೀಲುಗಳಿರಬೇಕಾದ ಜಾಗದಲ್ಲಿ ಕಾಫಿ ಪುಡಿಯಂಥ ಕಪ್ಪು ಚೂರು ಮಾತ್ರ ಉಳಿದಿತ್ತು. ಅದನ್ನು ಬೆರಳಲ್ಲಿ ತಿಕ್ಕಿದಾಗ ಗ್ರೀಸಿನ ಜಿಡ್ಡಿಗಿಂತ ಹೆಚ್ಚಾಗಿ ಮರಳಿನ ಗರಗರವೇ ತಾಗಿತು. ಕಾರು ಅಲ್ಲಿಯವರೆಗೆ ಯಾವ ದೂರನ್ನೂ ಹೇಳಿರಲಿಲ್ಲ. ಸ್ಟಿಯರಿಂಗ್ ಸ್ವಲ್ಪ ಬಿಗಿಯಾಗಿದೆ ಎಂದು ಮಾತ್ರ ನನಗೆ ಅನ್ನಿಸಿತ್ತು, ಅದನ್ನೂ ಟೈರಿನ ಗಾಳಿಯ ತಲೆಗೆ ಕಟ್ಟಿ ಸುಮ್ಮನಾಗಿದ್ದೆ.

ನನ್ನದು 1954ರ ಮೋರಿಸ್ ಮೈನರ್, ಎರಡನೆಯ ಸರಣಿಯದು, 803 ಸಿ.ಸಿ. ಎಂಜಿನ್ನಿನದು. ಅಲೆಕ್ ಇಸಿಗೋನಿಸ್ ರೂಪಿಸಿ, 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಕಾರಿನ ಉದ್ದಕ್ಕೆ ಮಲಗಿಸಿದ, ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ, ಮೇಲುತೋಳಿನ ಕೆಲಸವನ್ನು ಶಾಕ್ ಅಬ್ಸಾರ್ಬರಿನ ಕೈಯೇ ನಿರ್ವಹಿಸುತ್ತದೆ. ಚಕ್ರ ಎಡಬಲಕ್ಕೆ ಹೊರಳಲು ಅಚ್ಚಿನಂತೆ ನೆಟ್ಟಗೆ ನಿಂತ ಕಿಂಗ್ ಪಿನ್ನಿನ ಎರಡು ತುದಿಗಳಲ್ಲೂ ಥ್ರೆಡ್ ಇದ್ದು, ನಾವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್ ಮೇಲಿನ ಮತ್ತು ಕೆಳಗಿನ ಟ್ರನಿಯನ್‌ಗಳೊಳಗೆ, ನಟ್ಟಿನೊಳಗೆ ಬೋಲ್ಟ್ ತಿರುಗುವಂತೆಯೇ ತಿರುಗುತ್ತದೆ. ಕೆಳಗಿನ ಟ್ರನಿಯನ್ನಿಗೆ ನೀರು ನುಗ್ಗಿ ಗ್ರೀಸ್ ತೊಳೆದುಹೋಗಿ, ಅದರ ಜಾಗದಲ್ಲಿ ಧೂಳು ಕುಳಿತರೆ, ಅದು ಅರದಂತೆ ಥ್ರೆಡ್ಡನ್ನು ಸವೆಸುತ್ತದೆ. ಸವೆತ ಮಿತಿ ಮೀರಿದ ದಿನ ಕಿಂಗ್ ಪಿನ್ ಕಳಚಿಕೊಂಡು, ಚಕ್ರ ಮಡ್‌ಗಾರ್ಡಿನ ಕೆಳಗೆ ಮಡಚಿ ಬೀಳುತ್ತದೆ. ಮೈನರ್ ಇಟ್ಟುಕೊಂಡವರೆಲ್ಲರೂ ಬಲ್ಲ ದೌರ್ಬಲ್ಯ ಇದು. ಹಾಗಾಗಿ ಉಂಗುರದಷ್ಟೇ ಗಾತ್ರದ ಆ ಸೀಲಿನ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದರಲ್ಲಿ ಅತಿಶಯವೇನೂ ಇಲ್ಲ.

ಹೋಲಿಕೆಗೆ ಮೊದಲು ಒಂದು ವಿಷಯ ಸ್ಪಷ್ಟಪಡಿಸಬೇಕು. ಈ ಸಸ್ಪೆನ್ಷನ್ನಿನಲ್ಲಿರುವ ರಬ್ಬರೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಟ್ರನಿಯನ್ ಪಿನ್ನಿನ ಸೀಲು ಭಾರ ಹೊರುವುದಿಲ್ಲ, ಗ್ರೀಸನ್ನು ಒಳಗೂ ಕೆಸರನ್ನು ಹೊರಗೂ ಇಡುವುದಷ್ಟೇ ಅದರ ಕೆಲಸ. ಅಂದರೆ ಅದು ಹುಟ್ಟಿದಂದಿನಿಂದ ಸಾಯುವವರೆಗೆ ಎಣ್ಣೆಯಲ್ಲೇ ಮುಳುಗಿರುತ್ತದೆ. ಮೇಲಿನ ಟ್ರನಿಯನ್ನಿನ ಬುಷ್ (ಲೋಹದ ಭಾಗಗಳ ನಡುವೆ ಕೂರುವ ರಬ್ಬರ್ ಬಳೆ), ಕೆಳತೋಳಿನ ಒಳತುದಿಯನ್ನು ಹಿಡಿದ ಐ-ಬೋಲ್ಟಿನ ಬುಷ್, ಕೆಳತೋಳನ್ನು ಮುಂದಕ್ಕೆ ಚಾಸಿಗೆ ಬಿಗಿಯುವ ಟೈಬಾರಿನ ಪ್ಯಾಡ್ ಇವು ಮೂರೂ ಎಣ್ಣೆ ಕಾಣಬಾರದ ಜಾಗದಲ್ಲಿದ್ದುಕೊಂಡು, ತಿರುಚುವಿಕೆಯನ್ನೋ ಒತ್ತಡವನ್ನೋ ತಾಳಿಕೊಳ್ಳಬೇಕು. ಒಂದು ಪೊಟ್ಟಣದಲ್ಲಿ ಒಂದೇ ಬಗೆಯ ರಬ್ಬರಿನಲ್ಲಿ ಇವೆಲ್ಲವನ್ನೂ ಮಾಡಿ ಮಾರುವವರಿದ್ದಾರೆ. ನನ್ನ ಮೊದಲ ತಪ್ಪು ಅಂಥ ಪೊಟ್ಟಣವನ್ನು ನಂಬಿದ್ದು.

ನಾಲ್ಕು ವರ್ಷಗಳಲ್ಲಿ ನಾಲ್ಕು ಬಗೆಯನ್ನು ಹಾಕಿ ನೋಡಿದೆ: ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಯೊಂದರಲ್ಲಿ ಸಿಕ್ಕ ಬಳಸದ ಹಳೆ ಸ್ಟಾಕ್, ಇಂಗ್ಲೆಂಡಿನಿಂದ ತರಿಸಿದ ಹೊಸ ರಬ್ಬರ್ ಕಿಟ್, ಪೀಣ್ಯದಲ್ಲಿ ಅಚ್ಚು ಹಾಕಿಸಿದ ನೈಟ್ರೈಲ್ (ಎಣ್ಣೆ ತಾಳುವ ಕೃತಕ ರಬ್ಬರ್), ಮತ್ತು ರಬ್ಬರಿಗಿಂತ ಗಡಸಾದ ಪಾಲಿಯುರೆಥೇನ್. ಸೀಲುಗಳ ವಿಷಯದಲ್ಲಿ ಎಡಕ್ಕೊಂದು ಬಲಕ್ಕೊಂದು ಹಾಕಿ ಒಂದೇ ಮಳೆ, ಒಂದೇ ಕೆಸರಿನಲ್ಲಿ ಹೋಲಿಸಿದೆ. ಬುಷ್‌ಗಳಲ್ಲಿ ಹಾಗೆ ಮಾಡಲಿಲ್ಲ, ಯಾರೂ ಮಾಡಬಾರದು. ಎರಡು ಪಕ್ಕದ ಗಡಸುತನ ಬೇರೆಯಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಅವನ್ನು ಜೋಡಿಯಾಗಿಯೇ, ಒಂದಾದ ಮೇಲೊಂದರಂತೆ ಬದಲಿಸಿದೆ.

ಹಳೆ ಸ್ಟಾಕಿನ ಮೋಹ ಯಾರಿಗಿಲ್ಲ? ಕಂದು ಕಾಗದದ ಪೊಟ್ಟಣ, ಅದರ ಮೇಲೆ ಮಾಸಿದ ಪಾರ್ಟ್ ನಂಬರ್, ಒಳಗೆ ಫ್ರೆಂಚ್ ಚಾಕ್ ಮೆತ್ತಿದ, ನೋಡಲು ನಿನ್ನೆ ಮಾಡಿದಂತಿದ್ದ ಸೀಲುಗಳು. ಅಂಗಡಿಯ ಹಿರಿಯರು, “ಇಂಥಾ ಮಾಲು ಇನ್ನು ಹುಟ್ಟಲ್ಲ ಸಾರ್” ಎಂದರು. ಅವರು ಹೇಳಿದ್ದು ಒಂದರ್ಥದಲ್ಲಿ ನಿಜವೇ. ಆದರೆ ಗಂಧಕ ಹಾಕಿ ಬೇಯಿಸಿದ ರಬ್ಬರ್ ಕಪಾಟಿನಲ್ಲಿ ಕುಳಿತೇ ಮುದಿಯಾಗುತ್ತದೆ. ಗಾಳಿಯಲ್ಲಿನ ಆಮ್ಲಜನಕ ಅದನ್ನು ನಿಧಾನವಾಗಿ ಗಟ್ಟಿ ಮಾಡಿದರೆ, ಓಝೋನ್ ಹಿಗ್ಗಿದ ಜಾಗದಲ್ಲಿ ಸೀಳುತ್ತದೆ. ಮನೆಗೆ ತಂದು ಒಂದು ಸೀಲನ್ನು ಕಿರುಬೆರಳಿಗೆ ಏರಿಸಿ ಸ್ವಲ್ಪ ಹಿಗ್ಗಿಸಿ ಬೆಳಕಿಗೆ ಹಿಡಿದಾಗ, ಹಿಗ್ಗಿದ ದಿಕ್ಕಿಗೆ ಅಡ್ಡಲಾಗಿ, ಒಣಗಿದ ಕೆರೆಯ ನೆಲದಂತೆ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಉಗುರಿನಿಂದ ಒತ್ತಿದರೆ ಗುರುತು ಮೂಡಲೇ ಇಲ್ಲ. ಆದರೂ ಆಸೆ ಬಿಡದೆ ಬಲಗಡೆಗೆ ಹಾಕಿದೆ. ಸಕಲೇಶಪುರದ ಕಡೆಗೆ ಒಂದು ಮಳೆಗಾಲದ ಪ್ರವಾಸ ಮುಗಿಸಿ ಬಂದು ಬಿಚ್ಚಿದಾಗ ಒಂದು ಸೀಲು ಎರಡು ತುಂಡಾಗಿತ್ತು. ಗ್ರೀಸಿನಲ್ಲಿ ಮಲೆನಾಡಿನ ಕೆಮ್ಮಣ್ಣು ಬೆರೆತು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಳೆ ಸ್ಟಾಕಿನಲ್ಲಿ ಲೋಹದ ಭಾಗ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು, ರಬ್ಬರನ್ನು ಮಾತ್ರ ಪ್ರದರ್ಶನದ ಕಪಾಟಿಗಷ್ಟೇ ಕೊಳ್ಳಬೇಕು.

ಇಂಗ್ಲೆಂಡಿನ ಕಿಟ್ ಅದೇ ಮಳೆಗಾಲದಲ್ಲಿ ಎಡಗಡೆಯಲ್ಲಿತ್ತು. ಅಳತೆಯಲ್ಲಿ ದೋಷವಿರಲಿಲ್ಲ, ಹಾಕುವಾಗ ಕೈಗೆ ಹಿತವಾಗಿತ್ತು, ಬುಷ್‌ಗಳು ತಮ್ಮ ಜಾಗದಲ್ಲಿ ಸದ್ದಿಲ್ಲದೆ ಕುಳಿತವು. ಸೀಲು ಮಾತ್ರ ಎರಡನೆಯ ಮಳೆಗಾಲದ ಹೊತ್ತಿಗೆ ಊದಿಕೊಂಡು, ತನ್ನ ಜಾಗದಿಂದ ಹೊರಗೆ ಉಬ್ಬಿ, ತೋಳಿನ ಅಂಚಿಗೆ ಸಿಕ್ಕಿ ಹಿಂಡಿಹೋಗಿತ್ತು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅದು ನೈಸರ್ಗಿಕ ರಬ್ಬರ್ ಎನ್ನುವುದಕ್ಕೆ ಅದೇ ದೊಡ್ಡ ಸುಳಿವಾಯಿತು: ತಿರುಚುವಿಕೆಗೆ, ಹಿಗ್ಗುವುದಕ್ಕೆ ಅದಕ್ಕೆ ಸರಿಸಾಟಿಯಾದ ರಬ್ಬರ್ ಇಲ್ಲ, ಆದರೆ ಖನಿಜ ಎಣ್ಣೆ ತಾಗಿದರೆ ನೀರು ಕುಡಿದ ಕಡಲೆಯಂತೆ ಊದುತ್ತದೆ.

ಮೂರನೆಯ ದಾರಿ ಹಿಡಿದದ್ದು ಹೀಗೆ. ಮೈನರ್ ಇಟ್ಟುಕೊಂಡ ನಾವು ಐದು ಮಂದಿ ಸೇರಿ ಅಚ್ಚಿನ ಖರ್ಚು ಹಂಚಿಕೊಂಡು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೀಲು ಮಾಡಿಸಿದೆವು. ನೈಟ್ರೈಲ್ ರಬ್ಬರೇ ಬೇಕು, ಗಡಸುತನ ಶೋರ್ ಎ ಅಳತೆಯಲ್ಲಿ 70 ಇರಬೇಕು ಎಂದು ಕಾಗದದ ಮೇಲೆ ಬರೆದೇ ಕೊಟ್ಟಿದ್ದೆವು. ಬಂದ ಮಾಲು ಹೊಳೆಯುತ್ತಿತ್ತು, ಅಂಚು ನುಣುಪಾಗಿತ್ತು. ಆದರೆ ಕಪ್ಪು ರಬ್ಬರನ್ನು ಕಣ್ಣಿನಿಂದ ನೋಡಿ ಯಾವ ಜಾತಿಯದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಅಡುಗೆಮನೆಯಿಂದ ನಾಲ್ಕು ಉಪ್ಪಿನಕಾಯಿ ಬಾಟಲಿ ಎತ್ತಿಕೊಂಡು ಬಂದು, ಎಲ್ಲದಕ್ಕೂ ಎಂಜಿನ್ ಆಯಿಲ್ ಹುಯ್ದು, ಒಂದೊಂದರಲ್ಲಿ ಒಂದೊಂದು ಬಗೆಯ ತುಂಡನ್ನು, ವರ್ನಿಯರ್‌ನಲ್ಲಿ ದಪ್ಪ ಅಳೆದು ಬರೆದುಕೊಂಡು, ಒಂದು ವಾರ ಮುಳುಗಿಸಿಟ್ಟೆ. ಏಳನೆಯ ದಿನ ತೆಗೆದು ಒರೆಸಿ ಅಳೆದಾಗ, ಇಂಗ್ಲೆಂಡಿನ ಕಿಟ್ಟಿನ ತುಂಡು ನಿರೀಕ್ಷೆಯಂತೆ ದಪ್ಪಗಾಗಿತ್ತು. ಪೀಣ್ಯದ ತುಂಡು ಅದರಷ್ಟೇ ಊದಿತ್ತು. ಪರೀಕ್ಷೆಗೆಂದು ಅಂಗಡಿಯಿಂದ ತಂದಿದ್ದ, ನೈಟ್ರೈಲ್ ಎಂದು ಖಚಿತವಿದ್ದ ಓ-ರಿಂಗಿನ ತುಂಡು ಮಾತ್ರ ಕದಲಿರಲಿಲ್ಲ. ನಾಲ್ಕನೆಯ ಬಾಟಲಿಯ ಪಾಲಿಯುರೆಥೇನ್ ಕೂಡ ಹಾಗೆಯೇ ಇತ್ತು.

ತುಂಡುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟಾಗ ಕಾರ್ಖಾನೆಯವರು ವಾದ ಮಾಡಲಿಲ್ಲ. ಬಾಗಿಲು ಕಿಟಕಿಯ ಬೀಡಿಂಗಿಗೆ ಬಳಸುವ ಇ.ಪಿ.ಡಿ.ಎಂ. ರಬ್ಬರಿನ ಮಿಕ್ಸ್ ಆ ದಿನ ಮಿಷನ್ನಿನಲ್ಲಿ ಇತ್ತಂತೆ. ಬಿಸಿಲು, ಮಳೆ, ಓಝೋನ್ ಇವುಗಳಿಗೆ ಅದು ಜಗ್ಗುವುದೇ ಇಲ್ಲ, ಎಣ್ಣೆಗೆ ಮಾತ್ರ ಕೂಡಲೇ ಶರಣಾಗುತ್ತದೆ. ಎರಡನೆಯ ಸಲ ನಿಜವಾದ ನೈಟ್ರೈಲ್ ಬಂತು, ಬಾಟಲಿಯ ಪರೀಕ್ಷೆಯಲ್ಲಿ ಪಾಸಾಯಿತು, ಎರಡೂ ಪಕ್ಕದ ಟ್ರನಿಯನ್ನಿಗೆ ಹಾಕಿದೆ. ನೈಟ್ರೈಲಿಗೆ ಓಝೋನ್ ಆಗದು ಎನ್ನುವುದು ನಿಜವೇ. ಆದರೆ ಈ ಸೀಲು ತೋಳಿನ ಎರಡು ಅರ್ಧಗಳ ನಡುವೆ ಒತ್ತಿಕೊಂಡು, ಗ್ರೀಸ್ ಮೆತ್ತಿಕೊಂಡು ಕತ್ತಲಲ್ಲಿರುತ್ತದೆಯೇ ಹೊರತು ಹಿಗ್ಗಿಕೊಂಡು ಗಾಳಿಗೆ ಮೈಯೊಡ್ಡುವುದಿಲ್ಲವಾದ್ದರಿಂದ ಆ ದೌರ್ಬಲ್ಯ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಪಾಲಿಯುರೆಥೇನ್ ಬಗ್ಗೆ ನನ್ನ ಅಭಿಪ್ರಾಯ ಎರಡು ಹೋಳು. ಅದನ್ನು ಸೀಲಿನ ಜಾಗಕ್ಕೆ ನಾನು ಹಾಕಲೇ ಇಲ್ಲ. ಅದರ ಗಡಸುತನಕ್ಕೆ ಸವೆದ ಲೋಹದ ಏರುತಗ್ಗಿನ ಮೇಲೆ ಅಂಟಿಕೊಂಡು ಕೂರುವ ಗುಣವಿಲ್ಲ. ಐ-ಬೋಲ್ಟಿಗೂ ಟೈಬಾರಿಗೂ ಒಟ್ಟಿಗೇ ಹಾಕಿಸಿ ಮೈಸೂರು ರಸ್ತೆಗೆ ಹೊರಟ ಮೊದಲ ದಿನ, ಇದಕ್ಕಿಂತ ಬೇರೆ ಬೇಡ ಎಂದುಕೊಂಡೆ: ಬ್ರೇಕ್ ಹಿಡಿದಾಗ ಮೂತಿ ಅತ್ತಿತ್ತ ಆಡಲಿಲ್ಲ, ತಿರುವಿನಲ್ಲಿ ಸ್ಟಿಯರಿಂಗ್ ಹೇಳಿದ ಮಾತು ಕೇಳಿತು. ಮೂರನೆಯ ತಿಂಗಳಿಗೆ ಕಿರ್ ಕಿರ್ ಶುರುವಾಯಿತು. ಊರಿನ ಒಂದೊಂದು ಹಂಪಿನ ಮೇಲೂ ಹಳೆ ಮನೆಯ ಬಾಗಿಲು ತೆರೆದಂಥ ಸದ್ದು. ಕಾರಣ ಸರಳವಾದದ್ದು. ರಬ್ಬರ್ ಬುಷ್ ಲೋಹಕ್ಕೆ ಬಿಗಿಯಾಗಿ ಹಿಡಿದುಕೊಂಡು ತನ್ನ ಮೈಯೊಳಗೇ ತಿರುಚಿಕೊಳ್ಳುತ್ತದೆ, ಜಾರುವುದಿಲ್ಲ; ಪಾಲಿಯುರೆಥೇನ್ ತಿರುಚಿಕೊಳ್ಳುವುದಿಲ್ಲ, ಲೋಹದ ಮೇಲೆ ಜಾರುತ್ತದೆ, ಜಾರುವ ಜಾಗದ ಜಿಡ್ಡು ಆರಿದರೆ ಕಿರುಚುತ್ತದೆ. ಸಾಧಾರಣ ಗ್ರೀಸ್ ಮಳೆಗೆ ತೊಳೆದುಹೋಗುತ್ತಿತ್ತು. ಸಿಲಿಕೋನ್ ಗ್ರೀಸ್ ಹಾಕಿದ ಮೇಲೆ ಸದ್ದು ಒಂದು ಮಳೆಗಾಲದಷ್ಟು ಕಾಲ ಸುಮ್ಮನಿತ್ತು. ಇದರ ಜೊತೆಗೆ, ಪಾಲಿಯೆಸ್ಟರ್ ಮೂಲದ ಯುರೆಥೇನ್ ತೇವ ಮತ್ತು ಬಿಸಿ ಸೇರಿದ ಹವೆಯಲ್ಲಿ ಬೇಗ ಶಿಥಿಲವಾಗುತ್ತದೆ, ಪಾಲಿಈಥರ್ ಮೂಲದ್ದು ಹೆಚ್ಚು ತಾಳುತ್ತದೆ. ಕರಾವಳಿಯಲ್ಲಿ ಕಾರು ಇಟ್ಟುಕೊಂಡವರು ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಕೊನೆಗೆ ಐ-ಬೋಲ್ಟಿನಿಂದ ಪಾಲಿಯುರೆಥೇನ್ ತೆಗೆದು ಇಂಗ್ಲೆಂಡಿನ ಕಿಟ್ಟಿನ ನೈಸರ್ಗಿಕ ರಬ್ಬರ್ ಬುಷ್ಷನ್ನೇ ಮರಳಿ ಹಾಕಿದೆ. ಸೀಲಿನಲ್ಲಿ ಸೋತ ಅದೇ ರಬ್ಬರ್ ಇಲ್ಲಿ ಗೆದ್ದಿತು, ಏಕೆಂದರೆ ಇಲ್ಲಿ ಎಣ್ಣೆಯ ಸೋಂಕಿಲ್ಲ, ತೋಳು ಏರಿಳಿದಂತೆ ತಿರುಚಿಕೊಳ್ಳುವುದೇ ಕೆಲಸ. ಟೈಬಾರಿನಲ್ಲಿ ಮಾತ್ರ ಪಾಲಿಯುರೆಥೇನ್ ಉಳಿಸಿಕೊಂಡೆ, ಅದೂ ಬ್ರಾಕೆಟ್ಟಿನ ಒಂದು ಮಗ್ಗುಲಿಗಷ್ಟೇ. ಎರಡೂ ಮಗ್ಗುಲಿಗೆ ಗಟ್ಟಿ ಪ್ಯಾಡ್ ಕೊಟ್ಟರೆ, ತೋಳು ಏರಿಳಿಯುವಾಗ ಟೈಬಾರ್ ಓಲಾಡಲು ಎಡೆಯಿಲ್ಲದೆ ಅದರ ಥ್ರೆಡ್ಡಿನ ಬುಡ ಬಾಗಬೇಕಾಗುತ್ತದೆ. ಕಬ್ಬಿಣವನ್ನು ಹಾಗೆ ಬಾಗಿಸುತ್ತ ಹೋದರೆ ಏನಾಗುತ್ತದೆಂದು ತಂತಿ ಮುರಿದವರಿಗೆಲ್ಲ ಗೊತ್ತು. ಮೇಲಿನ ಟ್ರನಿಯನ್ನಿನ ಬುಷ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅಲ್ಲೂ ರಬ್ಬರೇ ಇದೆ, ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ ಅದರ ಮೇಲೆ ಇಳಿಯದಂತೆ ನೋಡಿಕೊಂಡರೆ ಸಾಕು.

ಯಾವ ರಬ್ಬರ್ ಹಾಕಿದರೂ ಕೆಡಿಸಬಲ್ಲ ಒಂದು ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ಸಲ ಐ-ಬೋಲ್ಟಿನ ಬುಷ್ ಹಾಕಿದಾಗ, ಕಾರು ಜಾಕಿಯ ಮೇಲಿದ್ದು ಚಕ್ರ ಜೋತಾಡುತ್ತಿದ್ದಾಗಲೇ ನಟ್ಟನ್ನು ಪೂರ್ತಿ ಬಿಗಿದೆ. ಆಗ ಬುಷ್ ಆ ಜೋತ ಸ್ಥಿತಿಯಲ್ಲೇ ಲೋಹವನ್ನು ಕಚ್ಚಿ ಹಿಡಿಯಿತು. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ಹಗಲೂ ರಾತ್ರಿ ತಿರುಚಿಕೊಂಡೇ ನಿಂತಿತ್ತು. ಆರು ತಿಂಗಳಲ್ಲಿ ಹರಿಯಿತು, ನಾನು ರಬ್ಬರನ್ನು ಬೈದೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ಹರಿದ ಬುಷ್ಷನ್ನು ತಿರುಗಿಸಿ ನೋಡಿ, “ಇದು ರಬ್ಬರ್ ತಪ್ಪಲ್ಲ ಸಾರ್, ನೀವು ಮೇಲೆ ಎತ್ಕೊಂಡೇ ಟೈಟ್ ಮಾಡಿದೀರ” ಎಂದಾಗ ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. ನಟ್ಟನ್ನು ಕೈಬಿಗಿ ಮಾಡಿ, ಕಾರನ್ನು ನೆಲಕ್ಕಿಳಿಸಿ, ಬಾನೆಟ್ಟಿನ ಮೇಲೆ ಎರಡು ಸಲ ಒತ್ತಿ ಕೂರಿಸಿ, ಆಮೇಲೆ ಕೆಳಗೆ ನುಸುಳಿ ಪೂರ್ತಿ ಬಿಗಿಯಬೇಕು. ಬಿಚ್ಚುವಾಗ ಇನ್ನೊಂದು ಎಚ್ಚರ: ಟಾರ್ಷನ್ ಬಾರಿನ ತಿರುಚು ಇಳಿಯುವವರೆಗೆ ಕೆಳತೋಳಿನ ಅಡಿಯ ಜಾಕಿಯನ್ನು ತೆಗೆಯಬಾರದು, ಆ ತೋಳು ಬಿಡುಗಡೆಯಾಗುವ ರಭಸಕ್ಕೆ ಅಡ್ಡ ಸಿಕ್ಕ ಕೈ ಉಳಿಯುವುದಿಲ್ಲ.

ಕಳೆದ ತಿಂಗಳು ನಾಲ್ಕನೆಯ ಮಳೆಗಾಲದ ನಂತರ ಗ್ರೀಸ್ ಗನ್ ಹಿಡಿದು ಕೂತೆ. ಎಡಗಡೆಯ ಕೆಳಗಿನ ನಿಪ್ಪಲಿಗೆ ಎಂಟು ಸಲ ಒತ್ತಿದ ಮೇಲೆ ಪಿನ್ನಿನ ಅಂಚಿನಿಂದ ಹಳೆಯ ಗ್ರೀಸ್ ಹೊರಬಂತು: ಕಪ್ಪಗಿತ್ತು, ಆದರೆ ಕೆಂಪಿರಲಿಲ್ಲ, ಬೆರಳಿಗೆ ಗರಗರ ತಾಗಲಿಲ್ಲ. ಬಲಗಡೆಯಲ್ಲಿ ಹತ್ತು ಸಲ ಒತ್ತಿದರೂ ಗ್ರೀಸ್ ಒಂದು ತುದಿಯಿಂದಷ್ಟೇ ಬಂತು, ಇನ್ನೊಂದು ತುದಿ ಒಣಗಿಯೇ ಇತ್ತು. ಆ ಪಕ್ಕವನ್ನು ಬರುವ ಭಾನುವಾರ ಬಿಚ್ಚಬೇಕು. ನೈಟ್ರೈಲ್ ಸೀಲುಗಳಲ್ಲಿ ಇನ್ನೂ ಆರು ಉಳಿದಿವೆ. ಅವನ್ನು ಬಿಸಿಲು ತಾಗದಂತೆ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ಮಾಡಿಸಿದ ತಿಂಗಳು, ವರ್ಷ ಎರಡನ್ನೂ ಬರೆದಿಟ್ಟಿದ್ದೇನೆ.